ಅರ ಹಿಡಿಯುವ ಕೈಗೆ ಇನ್ನೊಂದಿಷ್ಟು ಹೊತ್ತು ಕೊಡಿ: ಕೌಶಲ್ಯ ಇಲಾಖೆಗೆ ಒಬ್ಬ ಫಿಟ್ಟರ್ ಬರೆದ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯ ಸಚಿವರಿಗೆ, ಅಧಿಕಾರಿಗಳಿಗೆ, ಹಾಗೂ ದೆಹಲಿಯಲ್ಲಿ ಕೂತು ಐಟಿಐ ಪಠ್ಯಕ್ರಮ ರೂಪಿಸುವ ತರಬೇತಿ ಮಹಾನಿರ್ದೇಶನಾಲಯದವರಿಗೆ,

ನಮಸ್ಕಾರ.

ನಾನೊಬ್ಬ ಫಿಟ್ಟರ್. ಪೀಣ್ಯದ ಟೂಲ್ ರೂಮ್‌ಗಳಲ್ಲಿ 34 ವರ್ಷ ಕೆಲಸ ಮಾಡಿ ಹೋದ ವರ್ಷ ನಿವೃತ್ತನಾದೆ. ಡೈ ಅಂದರೆ ಅಚ್ಚು, ಕೆಲಸದ ತುಂಡನ್ನು ಹಿಡಿದಿಡುವ ಜಿಗ್, ಫಿಕ್ಸ್ಚರ್, ಇವನ್ನು ಮಾಡುವುದು, ಕೆಟ್ಟು ನಿಂತ ಮೆಷಿನ್ ಬಿಚ್ಚಿ ಸರಿಮಾಡುವುದು, ಇಷ್ಟೇ ನನ್ನ ಕಸುಬು. ಇಂಥ ಪತ್ರ ಬರೆದು ಅಭ್ಯಾಸವಿಲ್ಲ. ಆದರೂ ಕೆಲವು ತಿಂಗಳಿಂದ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ: ಐಟಿಐ ಮಕ್ಕಳಿಗೆ ಕೈಕೆಲಸ ಕಲಿಯಲು ಸಿಗುವ ಹೊತ್ತು ಕಡಿಮೆಯಾಗಿದೆ. ನಿಮಗೆ ಹೇಳದೆ ಸುಮ್ನೆ ಕೂತರೆ ತಪ್ಪಾಗುತ್ತದೆ ಅನ್ನಿಸಿತು.

ನನ್ನ ತಂದೆ ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ಕುಲುಮೆ ಇಟ್ಟುಕೊಂಡಿದ್ದರು. ಗುಳ, ಮಚ್ಚು, ಕುಡುಗೋಲು ಮಾಡಿಕೊಡುತ್ತಿದ್ದರು. ತಿದಿ ಒತ್ತುವುದು ನನ್ನ ಕೆಲಸ. ಕುಡುಗೋಲಿಗೆ ಹದ ಹಾಕುವ ಹೊತ್ತು ಬಂದರೆ ಅಪ್ಪ ಮಾತು ನಿಲ್ಲಿಸುತ್ತಿದ್ದರು. ಕೆಂಪಗೆ ಕಾದ ಅಲಗನ್ನು ನೀರಿಗೆ ಅದ್ದಿ, ಪೂರ್ತಿ ಆರುವ ಮೊದಲೇ ಎತ್ತಿ, ಅಂಚನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡುತ್ತಿದ್ದರು. ಬೆನ್ನಿನ ಕಡೆ ಉಳಿದ ಕಾವು ಮೆಲ್ಲಗೆ ಅಂಚಿನ ಕಡೆ ಹರಿಯುತ್ತಿತ್ತು. ಬೆಳ್ಳಗಿದ್ದ ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ಬರುತ್ತಿತ್ತು, ಆಮೇಲೆ ಜೇನಿನ ಬಣ್ಣಕ್ಕೆ. ಇನ್ನೇನು ನೇರಳೆಗೆ ತಿರುಗಬೇಕು ಅನ್ನುವಷ್ಟರಲ್ಲಿ ಚುಂಯ್ ಅಂತ ಮತ್ತೆ ನೀರಿಗೆ. ಸ್ವಲ್ಪ ಮುಂಚೆ ಅದ್ದಿದರೆ ಅಲಗು ಕಲ್ಲಿಗೆ ತಾಗಿದ ಕೂಡಲೇ ಸಿಡಿಯುತ್ತದೆ. ಸ್ವಲ್ಪ ತಡವಾದರೆ ಮೆತ್ತಗಾಗಿ, ರಾಗಿ ಕೊಯ್ಲಿನಲ್ಲಿ ನಾಲ್ಕು ಸಾಲು ದಾಟುವ ಮೊದಲೇ ಮೊಂಡಾಗುತ್ತದೆ. ಆ ಬಣ್ಣ ಅಂದರೆ ಸುಮಾರು 260ರಿಂದ 270 ಡಿಗ್ರಿ ಸೆಲ್ಸಿಯಸ್ ಅಂತ ನಾನು ಓದಿದ್ದು ಐಟಿಐ ಸೇರಿದ ಮೇಲೆ, ಗೋಡೆಗೆ ತೂಗುಹಾಕಿದ್ದ ಚಾರ್ಟಿನಲ್ಲಿ. ಅಪ್ಪ ಆ ಅಂಕಿಯನ್ನು ಯಾವತ್ತೂ ಕೇಳಿರಲಿಲ್ಲ. ಆದರೆ ಅವರು ಹದ ಹಾಕಿದ ಕುಡುಗೋಲನ್ನು ಹುಡುಕಿಕೊಂಡು ಮೂರು ಊರಾಚೆಯಿಂದ ಜನ ಬರುತ್ತಿದ್ದರು.

ನಮ್ಮಲ್ಲಿ ಈ ಹದ ಅನ್ನುವ ಮಾತು ಎಲ್ಲಾ ಕಡೆ ಇದೆ. ನೆಲ ಹದವಾಗಿದೆ, ಬಿತ್ತನೆ ಮಾಡೋಣ ಅನ್ನುತ್ತೇವೆ. ಪಾಕ ಹದಕ್ಕೆ ಬಂತು, ಇಳಿಸು ಅನ್ನುತ್ತೇವೆ. ಕಾರ್ಖಾನೆ ಕೆಲಸಕ್ಕೂ ಒಂದು ಹದವಿದೆ. ಕಂಪ್ಯೂಟರ್ ಮೇಲೆ ಓಡುವ ಮೆಷಿನ್ ಬಂದ ಮೇಲೆ ಅದರ ಅಗತ್ಯ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾನು ಕಂಡಿದ್ದು ಬೇರೆ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

1987ರಲ್ಲಿ ನಾನು ಐಟಿಐ ಸೇರಿದಾಗ ಮೊದಲ ವಾರವೇ ಕೈಗೆ ಒಂದು ಎಂಎಸ್ ತುಂಡು ಕೊಟ್ಟರು. ಎಂಎಸ್ ಅಂದರೆ ಮೈಲ್ಡ್ ಸ್ಟೀಲ್, ಮೆತ್ತನೆಯ ಉಕ್ಕು. ಜೊತೆಗೆ ಒಂದು ಅರ, ಅಂದರೆ ಲೋಹ ಉಜ್ಜಿ ಸವೆಸುವ ಫೈಲ್. ಆರೂ ಮುಖ ಸಪಾಟಾಗಬೇಕು, ಮೂಲೆಗಳೆಲ್ಲ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಅಷ್ಟೇ ಕೆಲಸ. ಎರಡು ದಿನದಲ್ಲಿ ಮುಗಿಸುತ್ತೇನೆ ಅಂದುಕೊಂಡೆ. ನಾಲ್ಕು ವಾರ ಹಿಡಿಯಿತು.

ಅರ ಹಾಕುವುದನ್ನು ನೋಡಿದವರಿಗೆ ಅದೇನೂ ಕಷ್ಟ ಅನ್ನಿಸುವುದಿಲ್ಲ. ಹಿಡಿದು ನೋಡಿದರೆ ಗೊತ್ತಾಗುತ್ತದೆ. ಮುಂದಕ್ಕೆ ತಳ್ಳುವಾಗ ಕೈ ತೂಗಿದರೆ, ಅಂಚುಗಳು ಜಾಸ್ತಿ ಸವೆದು ತುಂಡಿನ ನಡುವೆ ಹೊಟ್ಟೆ ಉಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಇರುತ್ತದೆ. ಅರದ ಹಲ್ಲಿಗೆ ಪುಡಿ ಸಿಕ್ಕಿಕೊಂಡರೆ ಸಪಾಟಾದ ಮುಖದ ಮೇಲೆ ಗೀರು ಬೀಳುತ್ತದೆ, ಅದಕ್ಕೇ ಹಲ್ಲಿಗೆ ಸೀಮೆಸುಣ್ಣ ಉಜ್ಜಬೇಕು. ಕೂರುವ ಹಾಗಿಲ್ಲ. ಕಾಲು ಇಟ್ಟ ಜಾಗ ಸರಿಯಿಲ್ಲದಿದ್ದರೆ ಸೊಂಟ ಹೇಳುತ್ತದೆ. ನಮ್ಮ ಮೇಷ್ಟ್ರು ದಿನಕ್ಕೊಂದು ಸಲ ಬರುತ್ತಿದ್ದರು. ತುಂಡನ್ನು ಒರೆಸಿ, ಮೂಲೆಮಟ್ಟವನ್ನು ಅದರ ಮೇಲೆ ಇಟ್ಟು, ಕಿಟಕಿಗೆ ಅಡ್ಡ ಹಿಡಿಯುತ್ತಿದ್ದರು. ಮಟ್ಟಕ್ಕೂ ತುಂಡಿಗೂ ನಡುವೆ ಕೂದಲಿನಷ್ಟು ಬೆಳಕು ತೂರಿ ಬರುತ್ತಿತ್ತು. ಏನೂ ಹೇಳದೆ ವಾಪಸ್ ಕೊಡುತ್ತಿದ್ದರು. ಬೈಯಲಿಲ್ಲ, ನಂಬರ್ ಹಾಕಲಿಲ್ಲ.

ಮೂರನೇ ವಾರದ ಹೊತ್ತಿಗೆ ನನ್ನಲ್ಲೇ ಒಂದು ಬದಲಾವಣೆ ಆಯಿತು. ಮೇಷ್ಟ್ರು ಬರುವ ಮೊದಲೇ ನಾನು ತುಂಡನ್ನು ಕಿಟಕಿಗೆ ಹಿಡಿದು ನೋಡತೊಡಗಿದೆ. ಬೆಳಕು ಎಲ್ಲಿ ತೂರುತ್ತಿದೆ, ಯಾಕೆ ತೂರುತ್ತಿದೆ, ನನ್ನ ಎಡಗೈ ಎಲ್ಲಿ ಜಾಸ್ತಿ ಒತ್ತಿತು, ಇದೆಲ್ಲ ನನಗೇ ಗೊತ್ತಾಗತೊಡಗಿತು. ಐಟಿಐ ನನಗೆ ಕೊಟ್ಟಿದ್ದರಲ್ಲಿ ದೊಡ್ಡದು ಇದೇ. ನನ್ನ ತಪ್ಪನ್ನು ಇನ್ನೊಬ್ಬರಿಗಿಂತ ಮೊದಲು ನಾನೇ ಕಾಣುವುದು. ಆಮೇಲೆ ಕಲಿತ ಮೆಷಿನ್‌ಗಳು ಎಷ್ಟೋ ಬದಲಾದವು. ಕೆಲವಂತೂ ಗುಜರಿಗೆ ಹೋದವು. ಆ ಅಭ್ಯಾಸ ಮಾತ್ರ ನಿವೃತ್ತಿಯ ದಿನದವರೆಗೂ ಅನ್ನ ಹಾಕಿತು.

ಮೆಷಿನ್ ಬಗ್ಗೆ ನನಗೆ ಸಿಟ್ಟಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾನು ಅರ್ಧ ದಿನ ಕೂತು ಮಾಡುತ್ತಿದ್ದ ಕೆಲಸವನ್ನು ಸಿಎನ್‌ಸಿ, ಅಂದರೆ ಆ ಕಂಪ್ಯೂಟರ್ ಮೇಲೆ ಓಡುವ ಮೆಷಿನ್, ಹತ್ತು ನಿಮಿಷದಲ್ಲಿ ಮಾಡುತ್ತದೆ, ನನಗಿಂತ ಚೆನ್ನಾಗಿಯೇ ಮಾಡುತ್ತದೆ. ಸಿಎನ್‌ಸಿ ಬಂದ ಮೇಲೆ ನಮ್ಮ ಬೆನ್ನು ಉಳಿಯಿತು. ಆದರೆ ಮೆಷಿನ್‌ಗೆ ಹೇಳಿದ್ದು ಮಾತ್ರ ಗೊತ್ತು. ಹೇಳದೇ ಉಳಿದದ್ದನ್ನು ಪಕ್ಕದಲ್ಲಿ ನಿಂತವನು ನೋಡಬೇಕು.

ಒಂದು ಘಟನೆ ಹೇಳುತ್ತೇನೆ. ನಿವೃತ್ತಿಗೆ ಆರೇಳು ತಿಂಗಳು ಮುಂಚೆ ನಾನಿದ್ದ ಕಡೆ ಶಾಫ್ಟ್‌ಗಳ, ಅಂದರೆ ಉಕ್ಕಿನ ದುಂಡು ದಂಡಗಳ, ಒಂದು ಅರ್ಜೆಂಟ್ ಆರ್ಡರ್ ಬಂತು. ವ್ಯಾಸ 100 ಮಿಲಿಮೀಟರ್. 100ಕ್ಕಿಂತ ಮೇಲೆ ಹೋಗುವ ಹಾಗಿಲ್ಲ, ಕೆಳಗೆ 22 ಮೈಕ್ರಾನ್‌ವರೆಗೆ ಪರವಾಗಿಲ್ಲ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಮೆಷಿನ್ ಮೇಲಿದ್ದ ಹುಡುಗ ಬಲು ಚುರುಕು. ಪ್ರೋಗ್ರಾಂ ಅವನೇ ಬರೆದಿದ್ದ. ಒಂದೊಂದು ಶಾಫ್ಟ್ ಇಳಿದ ಕೂಡಲೇ ಮೈಕ್ರೋಮೀಟರ್ ಹಿಡಿದು ಅಳೆದ, ಪುಸ್ತಕದಲ್ಲಿ ನೀಟಾಗಿ ಬರೆದ. ಎಲ್ಲವೂ ಕೆಳಗೆ ಐದಾರು ಮೈಕ್ರಾನ್, ಅಂದರೆ ಫಸ್ಟ್ ಕ್ಲಾಸ್. 36 ಶಾಫ್ಟ್ ಮುಗಿಸಿ ರಾತ್ರಿ ಮನೆಗೆ ಹೋದ. ಬೆಳಿಗ್ಗೆ ಇನ್‌ಸ್ಪೆಕ್ಷನ್‌ನಲ್ಲಿ ಅಳೆದರೆ ಹೆಚ್ಚು ಕಡಿಮೆ ಎಲ್ಲವೂ ಕೆಳಗೆ 27, 28. ಪೂರ್ತಿ ಲಾಟ್ ಸ್ಕ್ರ್ಯಾಪ್.

ಆ ಹುಡುಗನ ಮುಖ ಇವತ್ತಿಗೂ ಕಣ್ಣ ಮುಂದಿದೆ. ಮೈಕ್ರೋಮೀಟರ್ ಕೆಟ್ಟಿದೆ ಅಂದ. ಕೆಟ್ಟಿರಲಿಲ್ಲ. ಅವತ್ತು ಕೂಲೆಂಟ್, ಅಂದರೆ ತುಂಡನ್ನು ತಣ್ಣಗಿಡುವ ದ್ರವ, ಸರಿಯಾಗಿ ಬೀಳುತ್ತಿರಲಿಲ್ಲ. ಶಾಫ್ಟ್‌ಗಳು ಬಿಸಿ ಬಿಸಿಯಾಗಿ ಇಳಿದಿದ್ದವು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಕಾದರೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 100 ಮಿಲಿಮೀಟರಿನ ತುಂಡು 20 ಡಿಗ್ರಿ ಜಾಸ್ತಿ ಕಾದಿದ್ದರೆ 23 ಮೈಕ್ರಾನ್. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಶಾಫ್ಟ್ ಆರಿತು, ಕುಗ್ಗಿತು, ಅಳತೆ ಜಾರಿತು. ಲೋಹ ಕಾದರೆ ಹಿಗ್ಗುತ್ತದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತುಂಡು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಾಗಿನ ಅಳತೆಯೇ ಲೆಕ್ಕ ಅನ್ನುವುದನ್ನೂ ಪರೀಕ್ಷೆಯಲ್ಲಿ ಬರೆದಿದ್ದನಂತೆ. ಆದರೆ ಅಳೆಯುವ ಮೊದಲು ಜಾಬ್ ಮೇಲೆ, ಅಂದರೆ ಕೆಲಸದ ತುಂಡಿನ ಮೇಲೆ, ಅಂಗೈ ಇಟ್ಟು ನೋಡುವ ಅಭ್ಯಾಸ ಅವನಿಗೆ ಯಾರೂ ಮಾಡಿಸಿರಲಿಲ್ಲ. ಅವತ್ತು ಬೇಕಾಗಿದ್ದು ಅಷ್ಟೇ, ಅಂಗೈ ಇಟ್ಟು, "ಇದು ಇನ್ನೂ ಆರಬೇಕು" ಅನ್ನುವುದು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ವಾ, ಹಾಗಾಯಿತು. ಆದರೆ ನಾನು ಆ ಹುಡುಗನ ಮೇಲೆ ತಪ್ಪು ಹೊರಿಸುವುದಿಲ್ಲ. ಕಲಿಯುವ ವಯಸ್ಸಿನಲ್ಲಿ ಅವನ ಕೈಗೆ ಲೋಹವನ್ನು ಕೊಟ್ಟವರು ಕಡಿಮೆ. ಸ್ಕ್ರೀನ್ ಕೊಟ್ಟವರು ಜಾಸ್ತಿ.

ಈಗ ನಿಮ್ಮ ಕಡೆಗೆ ಬರುತ್ತೇನೆ. ದೇಶದಲ್ಲಿ ಐಟಿಐಗಳ ತರಬೇತಿ ಯೋಜನೆ ಶುರುವಾಗಿದ್ದು 1950ರಲ್ಲಿ. ಫಿಟ್ಟರ್ ಅಂದರೆ ಎರಡು ವರ್ಷದ ಕೋರ್ಸ್. ಈ ಹಿಂದೆ ಒಂದೊಂದು ವರ್ಷಕ್ಕೆ 1600 ಗಂಟೆಗಳ ತರಬೇತಿ ಇತ್ತು. 2022ರ ಹೊಸ ಪಠ್ಯಕ್ರಮದಲ್ಲಿ ಅದು 1200ಕ್ಕೆ ಇಳಿಯಿತು. ಅದರಲ್ಲಿ ವರ್ಕ್‌ಶಾಪ್‌ನಲ್ಲಿ ಕೈಯಾಡಿಸುವ ಪಾಲು 840 ಗಂಟೆ. ಜೊತೆಗೆ 150 ಗಂಟೆ ಕಾರ್ಖಾನೆಗೆ ಹೋಗಿ ಕಲಿಯಬೇಕು ಅಂತ ಸೇರಿಸಿದ್ದೀರಿ. ಕಾರ್ಖಾನೆಗೆ ಕಳಿಸಿದ್ದು ಒಳ್ಳೆಯದೇ. ಆದರೆ ಆ 840 ಗಂಟೆಯೊಳಗೇ ಅರ, ಗರಗಸ, ಡ್ರಿಲ್, ಶೀಟ್ ಮೆಟಲ್, ವೆಲ್ಡಿಂಗ್, ತುಂಡನ್ನು ತಿರುಗಿಸಿ ಕೆತ್ತುವ ಲೇತ್ ಎಲ್ಲವೂ ಹಿಡಿಸಬೇಕು. ನನ್ನ ಆ ಒಂದು ಎಂಎಸ್ ತುಂಡಿಗೆ ಹಿಡಿದ ನಾಲ್ಕು ವಾರ ಇವತ್ತಿನ ಹುಡುಗನಿಗೆ ಎಲ್ಲಿಂದ ಸಿಗಬೇಕು?

2022ರ ಜೂನ್‌ನಲ್ಲಿ ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳು ಹೊಸ ತಂತ್ರಜ್ಞಾನ ಕೇಂದ್ರಗಳಾದವು. ಅದಕ್ಕೆ 4,600 ಕೋಟಿ ರೂಪಾಯಿಗೂ ಜಾಸ್ತಿ ಖರ್ಚಾಯಿತು. ಹಳ್ಳಿ ಮಕ್ಕಳು ರೋಬೋಟ್, ಸಿಎನ್‌ಸಿ, ಎಲೆಕ್ಟ್ರಿಕ್ ಗಾಡಿಗಳ ಮೇಲೆ ಕೈ ಇಡುವಂತಾಯಿತು. ನಾನು ಮನಸಾರೆ ಖುಷಿಪಟ್ಟವನು. ನಮ್ಮ ಕಾಲದಲ್ಲಿ ಒಂದು ಲೇತ್ ಮುಂದೆ ಎಂಟು ಜನ ಸಾಲು ನಿಲ್ಲುತ್ತಿದ್ದೆವು.

ನಿವೃತ್ತಿಯಾದ ಮೇಲೆ ಪರಿಚಯದವರೊಬ್ಬರು ಕರೆದರು ಅಂತ ಒಂದು ಐಟಿಐಗೆ ಹೋಗಿದ್ದೆ. ಯಾವುದು, ಎಲ್ಲಿ ಅಂತ ಹೇಳುವುದಿಲ್ಲ. ಹೊಸ ಮೆಷಿನ್‌ಗಳು ಹೊಳೆಯುತ್ತಿದ್ದವು. ಫಿಟ್ಟಿಂಗ್ ಹಾಲ್‌ಗೆ ಹೋಗಿ ಒಂದು ಅರ ಎತ್ತಿಕೊಂಡು ಹೆಬ್ಬೆರಳು ಸವರಿದೆ. ಹಲ್ಲೇ ಇರಲಿಲ್ಲ. ಗಾಜಿನ ಹಾಗೆ ಜಾರಿತು. ಇನ್ನೊಂದು ಎತ್ತಿದೆ, ಅದೂ ಹಾಗೇ. ಕೆಲವಕ್ಕೆ ಹಿಡಿ ಇರಲಿಲ್ಲ. ಅರದ ಬಾಲ ಅಂಗೈಗೆ ಚುಚ್ಚುತ್ತದೆ ಅಂತ ಬಟ್ಟೆ ಸುತ್ತಿದ್ದರು. ವೈಸ್‌ನಲ್ಲಿ ಒಂದು ತುಂಡು ಕಚ್ಚಿಕೊಂಡಿತ್ತು. ಅದರ ಮೇಲೆ ಈ ವರ್ಷದ ಗೀರುಗಳ ಕೆಳಗೆ ಹೋದ ವರ್ಷದವರ ಗೀರುಗಳೂ ಕಾಣುತ್ತಿದ್ದವು. ಹೊಸ ತುಂಡು ತರಿಸಲು ದುಡ್ಡಿಲ್ಲ, ಅದನ್ನೇ ಸರದಿಯ ಮೇಲೆ ಎಲ್ಲರೂ ಉಜ್ಜುತ್ತಾರೆ ಅಂದರು. ಒಂದು ಒಳ್ಳೆಯ ಅರಕ್ಕೆ ಕೆಲವು ನೂರು ರೂಪಾಯಿ. ಕೋಟಿಗಟ್ಟಲೆ ಬೆಲೆಯ ಮೆಷಿನ್ ಬಂದ ಮನೆಗೆ ಅರ ಬರಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು. ಅಲ್ಲಿನ ಬೋಧಕರನ್ನು ದೂರಲು ಮನಸ್ಸು ಬರಲಿಲ್ಲ. ಅವರು ಇದ್ದದ್ದರಲ್ಲೇ ಒದ್ದಾಡುತ್ತಿದ್ದರು.

ಅರ ಹಳೇ ಕಾಲದ್ದು, ಕಾರ್ಖಾನೆಯಲ್ಲಿ ಈಗ ಅದರ ಬಳಕೆ ಕಡಿಮೆ, ಅದನ್ನು ಯಾಕೆ ಕಲಿಸಬೇಕು ಅಂತ ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ನನ್ನ ಕೊನೆಯ ಹತ್ತು ವರ್ಷದ ಕೆಲಸದಲ್ಲೂ ಅರ ಹಿಡಿದ ದಿನಗಳು ಕಡಿಮೆಯೇ. ಆದರೆ ಮೆಷಿನ್‌ಗಳನ್ನು ಮಾಡುವ ಮೆಷಿನ್ ಹೇಗೆ ತಯಾರಾಗುತ್ತದೆ ನೋಡಿ. ಲೇತ್ ಬೆಡ್ ಮೇಲೆ ಸ್ಯಾಡಲ್, ಅಂದರೆ ಟೂಲ್ ಹೊತ್ತು ಆಚೀಚೆ ಓಡಾಡುವ ಭಾಗ, ಜಾರುವ ಮೈ ಇರುತ್ತದಲ್ಲ, ಅದು ಅಪ್ಪಟ ಸಪಾಟಾಗಿರಬೇಕು. ಒಂದು ಮಾಸ್ಟರ್ ಪಟ್ಟಿಗೆ ನೀಲಿ ಬಣ್ಣ ತೆಳುವಾಗಿ ಸವರಿ ಅದರ ಮೇಲೆ ಎಳೆಯುತ್ತಾರೆ. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಚುಕ್ಕಿ ಹತ್ತುತ್ತದೆ. ಸ್ಕ್ರೇಪರ್ ಹಿಡಿದು ಆ ಚುಕ್ಕಿಯನ್ನಷ್ಟೇ ಕೆರೆಯಬೇಕು, ಒಂದು ಸಲಕ್ಕೆ ಕೆಲವೇ ಮೈಕ್ರಾನ್. ಮತ್ತೆ ನೀಲಿ, ಮತ್ತೆ ಎಳೆತ, ಮತ್ತೆ ಕೆರೆತ. ಒಂದು ಚದರ ಇಂಚಿನಲ್ಲಿ ಎಷ್ಟು ಚುಕ್ಕಿ ಸಮವಾಗಿ ಹರಡಿವೆ ಅಂತ ಎಣಿಸುತ್ತಾರೆ. ಇವತ್ತಿಗೂ ಜಗತ್ತಿನ ಬಹಳ ನಿಖರವಾದ ಮೆಷಿನ್‌ಗಳ ಮೈಯನ್ನು ಕೊನೆಗೆ ಕೈಯಲ್ಲೇ ಹೀಗೆ ಕೆರೆದು ಮುಗಿಸುತ್ತಾರೆ. ಮೈಕ್ರಾನ್ ಲೆಕ್ಕದ ಸಿಎನ್‌ಸಿ ಹಿಂದೆ ಎಲ್ಲೋ ಒಬ್ಬರು ಬಗ್ಗಿ ನಿಂತು ಚುಕ್ಕಿ ಎಣಿಸಿರುತ್ತಾರೆ.

ಬೆಂಗಳೂರಿಗೆ ಈ ವಿದ್ಯೆ ಹೊಸದೇನಲ್ಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಇವೆಲ್ಲ ಬರೀ ಕಾರ್ಖಾನೆಗಳಾಗಿರಲಿಲ್ಲ, ಪಾಠಶಾಲೆಗಳೂ ಆಗಿದ್ದವು. ಜಾಲಹಳ್ಳಿಯಲ್ಲಿ ಲೇತ್ ಮಾಡುತ್ತಿದ್ದ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರಕ್ಕೆ ಕೈ ಹಾಕಿತು. ನಮ್ಮೂರ ಮೇಷ್ಟ್ರ ಕೈಯಲ್ಲಿದ್ದ ಜನತಾ ಗಡಿಯಾರ ಹಾಗೆ ಬಂದಿದ್ದು. ದಿನಾ ಬೆಳಿಗ್ಗೆ ಅದಕ್ಕೆ ಕೀ ಕೊಡುವುದನ್ನು ಬೆರಗಿನಿಂದ ನೋಡುತ್ತಿದ್ದೆವು. ಆ ಗಡಿಯಾರದ ಕಾರ್ಖಾನೆಗಳು 2016ರ ಹೊತ್ತಿಗೆ ಮುಚ್ಚಿದವು. ಅದಕ್ಕೆ ಕಾರಣಗಳು ಹಲವು, ಅದರ ವಿಚಾರ ಇಲ್ಲಿ ಬೇಡ. ಆದರೆ ಪೀಣ್ಯದಲ್ಲಿ ನಾನು ಕಂಡ ಎಷ್ಟೋ ವರ್ಕ್‌ಶಾಪ್‌ಗಳನ್ನು ಕಟ್ಟಿದವರು ಇಂಥ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಅರ ಹಿಡಿದವರೇ. ಆ ತಲೆಮಾರು ಈಗ ಮನೆ ಸೇರುತ್ತಿದೆ. ಅವರ ಕೈಯಲ್ಲಿರುವುದನ್ನು ಪುಸ್ತಕಕ್ಕೆ ಇಳಿಸಲು ಆಗುವುದಿಲ್ಲ. ಪಕ್ಕದಲ್ಲಿ ನಿಂತೇ ಕಲಿಯಬೇಕು.

ಟೊಯೋಟಾ ಕಂಪನಿಯ ಮಿತ್ಸುರು ಕವಾಯ್ ಅವರ ಬಗ್ಗೆ ನೀವು ಕೇಳಿರಬಹುದು. 1960ರ ದಶಕದಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಕಂಪನಿಯ ತರಬೇತಿ ಶಾಲೆ ಸೇರಿದವರು. ಕಾಲೇಜು ಓದಿದವರಲ್ಲ. ಕೆಲಸ ಮಾಡಿದ್ದು ಉಕ್ಕು ಕಾಯಿಸಿ ಬಡಿಯುವ ವಿಭಾಗದಲ್ಲಿ, ಅಂದರೆ ಕುಲುಮೆಯಲ್ಲೇ ಅನ್ನಿ. ರೋಬೋಟ್‌ಗಳಿಂದ ತುಂಬಿದ ಕಾರ್ಖಾನೆಯಲ್ಲಿ ಅವರು ಮತ್ತೆ ಕೆಲವು ಕಡೆ ಕೈಕೆಲಸದ ಸಾಲುಗಳನ್ನು ಶುರು ಮಾಡಿಸಿದರು. ಕೈಯಲ್ಲಿ ಮಾಡಿ ತಿಳಿದವರಿಗೆ ಮೆಷಿನ್ ಎಲ್ಲಿ ಸಾಮಾನು ಹಾಳು ಮಾಡುತ್ತಿದೆ ಅಂತ ಕಾಣುತ್ತದೆ, ಅವರೇ ಮೆಷಿನ್‌ನ್ನು ಸುಧಾರಿಸಬಲ್ಲರು ಅನ್ನುವುದು ಅವರ ಲೆಕ್ಕ. 2017ರಲ್ಲಿ ಅವರನ್ನು ಕಂಪನಿಯ ಕಾರ್ಯನಿರ್ವಾಹಕ ಉಪಾಧ್ಯಕ್ಷರನ್ನಾಗಿ ಮಾಡಿದರು. ಅದೇ ಕಂಪನಿ 2007ರಿಂದ ನಮ್ಮ ಬಿಡದಿಯಲ್ಲೂ ತರಬೇತಿ ಶಾಲೆ ನಡೆಸುತ್ತಿದೆ. ಬೇಕಾದರೆ ಒಂದು ದಿನ ಹೋಗಿ ನೋಡಿ ಬರಬಹುದು, ದೂರವೇನಿಲ್ಲ.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಟೂಲ್ ಅಂಡ್ ಡೈ ಓದುವ ಮಕ್ಕಳಿಗೆ ಮೊದಲ ಮೂರು ತಿಂಗಳು ಕೈಕೆಲಸಕ್ಕೇ ಬಿಡಿ. ಆ ಗಂಟೆಗಳನ್ನು ಬೇರೆ ಯಾವುದಕ್ಕೂ ಕತ್ತರಿಸುವಂತಿಲ್ಲ ಅಂತ ಬರೆದಿಡಿ. ಪ್ರತಿಯೊಬ್ಬರಿಗೂ ಅವರದೇ ಒಂದು ಅರ, ಅವರದೇ ಒಂದು ತುಂಡು ಕೊಡಿ. ಆ ತುಂಡನ್ನು ಕೋರ್ಸ್ ಮುಗಿಯುವವರೆಗೂ ಇಟ್ಟುಕೊಳ್ಳಲಿ. ಪರೀಕ್ಷೆ ದಿನ ಅದಕ್ಕೆ ಅಂಕ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: "ಇದರಲ್ಲಿ ಎಲ್ಲಿ ತಪ್ಪಿದೆ, ನೀನೇ ಹೇಳು." ಸರಿಯಾಗಿ ತೋರಿಸಿದವರಿಗೆ ಅಂಕ ಕೊಡಿ, ತುಂಡು ಸ್ವಲ್ಪ ಹಿಂದೆ ಮುಂದೆ ಇದ್ದರೂ ಸರಿ. ತನ್ನ ಕೆಲಸದ ಕೊರತೆ ತೋರಿಸಬಲ್ಲ ಹುಡುಗಿಯನ್ನು ನಾನಾಗಿದ್ದರೆ ಅವತ್ತೇ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದೆ. ಹುಡುಗಿ ಅಂತ ಬೇಕೆಂದೇ ಬರೆದೆ. ಫಿಟ್ಟಿಂಗ್ ಹಾಲ್‌ಗೆ ಹೆಣ್ಣುಮಕ್ಕಳು ಬರುವುದು ಇನ್ನೂ ಕಡಿಮೆ. ನನ್ನ ಕೊನೆಯ ವರ್ಷಗಳಲ್ಲಿ ನನ್ನ ಕೈಕೆಳಗೆ ಇಬ್ಬರು ಇದ್ದರು, ಡೈ ಪಾಲಿಶ್‌ನಲ್ಲಿ ಅವರ ಕಣ್ಣಿಗೆ ಬೀಳದ ಗೀರು ಇರುತ್ತಿರಲಿಲ್ಲ.

ಇನ್ನೊಂದು ಮಾತು ಬೋಧಕರ ಬಗ್ಗೆ. ಐಟಿಐಯಲ್ಲಿ ಕಲಿಸಬೇಕಾದರೆ ಟ್ರೇಡ್ ಸರ್ಟಿಫಿಕೇಟ್ ಮೇಲೆ ಬೋಧಕರ ತರಬೇತಿಯ ಪ್ರಮಾಣಪತ್ರವೂ ಬೇಕು. ಖಾಯಂ ಹುದ್ದೆಗೆ ಅದು ಇರಲಿ, ಬೇಡ ಅನ್ನುವುದಿಲ್ಲ. ಕಲಿಸುವುದೂ ಒಂದು ಕಸುಬೇ. ಆದರೆ ವಾರಕ್ಕೆ ಎರಡು ಮಧ್ಯಾಹ್ನ ಬಂದು ಹುಡುಗರ ಪಕ್ಕ ನಿಂತು, "ಮೊಣಕೈ ಸ್ವಲ್ಪ ಕೆಳಗೆ" ಅನ್ನುವುದಕ್ಕೆ ನಿವೃತ್ತ ಕೆಲಸಗಾರರಿಗೆ ಒಂದು ದಾರಿ ಮಾಡಿಕೊಡಿ. ಬಸ್ ಚಾರ್ಜು, ಒಂದು ಗುರುತಿನ ಚೀಟಿ ಕೊಟ್ಟರೆ ಸಾಕು. ದಾಸರಹಳ್ಳಿ, ಜಾಲಹಳ್ಳಿ, ಲಗ್ಗೆರೆ, ರಾಜಗೋಪಾಲನಗರದ ಮನೆಗಳಲ್ಲಿ ಇಂಥವರು ಬೇಕಾದಷ್ಟು ಜನ ಸಿಗುತ್ತಾರೆ. ಬೆಳಿಗ್ಗೆ ವಾಕಿಂಗ್‌ಗೆ ಬಂದಾಗ ಪಾರ್ಕಿನ ಗೇಟಿನ ಕೀಲು ಕಿರುಗುಟ್ಟಿದರೆ ನಿಂತು ನೋಡುವವರು ಅವರೇ.

ಅಪ್ಪ ಅಮ್ಮಂದಿರಿಗೂ ಎರಡು ಮಾತು ಹೇಳಬೇಕಿತ್ತು, ಓದು ಹತ್ತದವನನ್ನು ಐಟಿಐಗೆ ಹಾಕು ಅನ್ನುವ ಮಾತಿನ ಬಗ್ಗೆ. ಅದು ಇನ್ನೊಂದು ಪತ್ರದಷ್ಟಾಗುತ್ತದೆ. ಇಲ್ಲಿಗೆ ಇಷ್ಟು ಸಾಕು: ಬಿಸಿ ಶಾಫ್ಟ್‌ನ ಕಥೆ ಮೇಲೆ ಹೇಳಿದೆನಲ್ಲ, ಆ ಹುಡುಗ ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ತೊಂಬತ್ತರ ಮೇಲೆ ತೆಗೆದವನು. ಆ ಘಟನೆ ಆದ ವಾರ ಊಟದ ಹೊತ್ತಿಗೆ ನನ್ನ ಹತ್ತಿರ ಬಂದು, "ಸಾರ್, ಅರ ಹಾಕೋದು ಹೇಳಿಕೊಡ್ತೀರಾ" ಅಂದ. ನಾನು ನಿವೃತ್ತನಾಗುವವರೆಗೂ ದಿನಕ್ಕೆ 20 ನಿಮಿಷ ಕಲಿತ. ಈಗ ಅವನು ಜಾಬ್ ಮುಟ್ಟಿ ನೋಡದೆ ಮೈಕ್ರೋಮೀಟರ್ ಎತ್ತುವುದಿಲ್ಲ. ಹೋದ ತಿಂಗಳು ಫೋನ್ ಮಾಡಿದ್ದ. ಲೋಹ ಕತ್ತರಿಸುವ ಟೂಲ್‌ನ ತುದಿ ಸವೆಯುತ್ತಿರುವುದು ಅಲಾರಂ ಬರುವ ಮೊದಲೇ ಸದ್ದಿನಲ್ಲಿ ಗೊತ್ತಾಯಿತು ಸಾರ್ ಅಂತ ಹೇಳಿಕೊಂಡು ಖುಷಿಪಟ್ಟ.

ನನ್ನ ಆ ಎಂಎಸ್ ತುಂಡು ಇನ್ನೂ ಇದೆ. ಮೇಷ್ಟ್ರು ಕೊನೆಗೆ ಅದನ್ನು ಕಿಟಕಿಗೆ ಹಿಡಿದು, ಬೆಳಕು ಕಾಣದೆ, ನನ್ನ ಕೈಗೇ ವಾಪಸ್ ಇಟ್ಟು ಹೋಗಿದ್ದರು. ಒಂದು ಮೂಲೆಯಲ್ಲಿ ಈಗ ಸ್ವಲ್ಪ ತುಕ್ಕು ಹಿಡಿದಿದೆ. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ನಾನು ಬಿಡುವಾಗಿರುತ್ತೇನೆ. ಬೆಂಗಳೂರಿನ ಸುತ್ತ ಯಾವ ಸರ್ಕಾರಿ ಐಟಿಐಗೆ ಕಳಿಸಿದರೂ ಬರುತ್ತೇನೆ. ಮೂಲೆಮಟ್ಟ ನನ್ನದೇ ತರುತ್ತೇನೆ. ಅರಗಳನ್ನು ಮಾತ್ರ ನೀವು ತರಿಸಿಡಿ.

ಇಂತಿ,
ಒಬ್ಬ ನಿವೃತ್ತ ಫಿಟ್ಟರ್
ಪೀಣ್ಯ, ಬೆಂಗಳೂರು